ಹೊತ್ತಿಗೆ ಸರಿಯಾಗಿ ಸಾಯುತ್ತಿದ್ದ ಕೋಶಗಳು

ಬೆಡುಮ್,
ಶುಕ್ರವಾರ, 14 ಅಕ್ಟೋಬರ್ 1983

ಪ್ರೀತಿಯ ಡೌವೆ,

ಹೇಗಿದ್ದೀಯ? ಮೈಮೇಲಿನ ಬೆವರುಸಾಲೆ ಇಳಿಯಿತೇ? ಹೋದ ತಿಂಗಳು ಕಳಿಸಿದ ಮುಲಾಮನ್ನು ನೀನು ಹಚ್ಚಿಕೊಂಡೆಯೋ, ಇಲ್ಲ ಎಂಜಿನ್ನಿಗೆ ಹಚ್ಚಿದೆಯೋ? ಜೆಡ್ಡಾದ ಆ ಬಿಸಿಲಲ್ಲಿ ನೀರು ಕುಡಿಯುವುದನ್ನು ಮರೆತರೆ ಮೂತ್ರಪಿಂಡದಲ್ಲಿ ಮತ್ತೆ ಕಲ್ಲು ಕಟ್ಟುತ್ತದೆ. ಹೋದ ಸಲ ಆ ನೋವಿಗೆ ನೀನು ಕೂಗಾಡಿದ್ದು ಇಡೀ ಬೀದಿಗೆ ಕೇಳಿಸಿತ್ತು, ನೆನಪಿರಲಿ. ನಾವೆಲ್ಲ ಚೆನ್ನಾಗಿದ್ದೇವೆ. ಮಗಳು ನಿನ್ಕೆಗೆ ನೆಗಡಿ, ಆದರೆ ಅದು ಕಾಲೇಜಿಗೆ ಚಕ್ಕರ್ ಹೊಡೆಯುವಷ್ಟು ನೆಗಡಿ ಮಾತ್ರ. ನಿನ್ನ ಅಮ್ಮನಿಗೆ ಎಪ್ಪತ್ತೆಂಟು ತುಂಬಿದರೂ ಗಂಟಲು ಇಪ್ಪತ್ತೆಂಟರದ್ದೇ. ಮೂರು ದಿನದಿಂದ ಗಾಳಿ ಬಡಿದು ಹಿತ್ತಲ ಪೇರ್ ಮರದಲ್ಲಿ ಒಂದು ಕಾಯಿಯೂ ಉಳಿದಿಲ್ಲ.

ಈಗ ನಿನ್ನೆಯ ವಿಷಯ. ಗೆದ್ದೆನೋ ಸೋತೆನೋ ಅಂತ ಕೊನೆಯ ಪುಟ ತಿರುಗಿಸಬೇಡ. ನಿನ್ನ ಬುದ್ಧಿ ನನಗೆ ಗೊತ್ತು, ಸಾಲಾಗಿ ಓದು. ನನ್ನ ಕಾಗದಗಳನ್ನು ಹಡಗಿನ ಅಡುಗೆಯವನಿಗೂ ಗಟ್ಟಿಯಾಗಿ ಓದಿ ಹೇಳುತ್ತೀಯಂತೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಅವನಿಗೋಸ್ಕರ ಎರಡು ಮಾತಲ್ಲಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಕಣ್ಣು ಕಂಡದ್ದೆಲ್ಲ ಹೋಗಿ ಸೇರುವುದು ತಲೆಯ ಹಿಂಭಾಗಕ್ಕೆ, ಮೆದುಳಿನ ಹೊರಪದರಕ್ಕೆ. ಅಲ್ಲಿ ಕೋಟಿಗಟ್ಟಲೆ ನರಕೋಶಗಳು. ಒಂದೊಂದು ಕೋಶಕ್ಕೂ ಲೋಕದಲ್ಲಿ ತನ್ನ ಪಾಲಿನ ಪುಟ್ಟ ಕಿಟಕಿಯೊಂದಿದೆ, ಆ ಕಿಟಕಿಯಾಚೆ ಏನಾಗುತ್ತಿದೆ ಅನ್ನುವುದಷ್ಟೇ ಅದರ ಚಿಂತೆ. ಒಂದಕ್ಕೆ ನೆಟ್ಟಗೆ ನಿಂತ ಗೆರೆ ಕಂಡರೆ ಖುಷಿ, ಇನ್ನೊಂದಕ್ಕೆ ಓರೆ ಗೆರೆಯೇ ಆಗಬೇಕು. ನಿದ್ದೆ ಮದ್ದು ಕೊಟ್ಟ ಬೆಕ್ಕಿನ ಮೆದುಳಿಗೆ ಕೂದಲಿಗಿಂತ ಸಣ್ಣ ಲೋಹದ ಸೂಜಿ ಇಳಿಸಿ, ಅದರ ಕಣ್ಣೆದುರಿನ ಪರದೆಯ ಮೇಲೆ ಗೆರೆ ತೋರಿಸಿದರೆ, ಮೆಚ್ಚಿದ ಗೆರೆ ಬಂದ ಕೂಡಲೇ ಕೋಶ ಮಾತಾಡುತ್ತದೆ. ಧ್ವನಿಪೆಟ್ಟಿಗೆಯಲ್ಲಿ ಟಕಟಕ ಅಂತ ಕೇಳುತ್ತದೆ. ಆ ಸೂಜಿಗಳನ್ನು ಆಸಿಡ್ಡಿನಲ್ಲಿ ಅದ್ದಿ ಚೂಪು ಮಾಡುವವಳು ನಾನು. ಪ್ರೊಫೆಸರ್ ಆಲ್ಡರಿಂಕ್ ಕೈಕೆಳಗೆ ಹದಿನೈದು ವರ್ಷ ಸೂಜಿ ಮಾಡಿದೆ, ಗಡಿಯಾರ ನೋಡಿ ಪ್ರಯೋಗದ ದಾಖಲೆ ಪುಸ್ತಕ ಬರೆದೆ. ಆ ಬೆಕ್ಕುಗಳು ಮತ್ತೆ ಎದ್ದು ಹಾಲು ಕುಡಿಯುವುದಿಲ್ಲ, ಡೌವೆ. ಅದಕ್ಕೇ ನಾನು ಒಂದು ನಿಮಿಷವನ್ನೂ ಬರೆಯದೆ ಬಿಟ್ಟವಳಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮೊದಲು ಪ್ರೊಜೆಕ್ಟರಿಗೆ ನಾಣ್ಯದಗಲ ತೂತಿನ ಕಪ್ಪು ರಟ್ಟು ಹಾಕಿ, ಆ ಚೂರು ಬೆಳಕಿನಲ್ಲಿ ಪಟ್ಟೆಗಳನ್ನು ಆಡಿಸಿ ಕೋಶದ ಕಿಟಕಿ ಎಲ್ಲಿದೆ ಎಂದು ಹುಡುಕುವುದು. ಸಿಕ್ಕಿತೋ, ರಟ್ಟು ತೆಗೆದು ಇಡೀ ಪರದೆಯ ತುಂಬ ಅದೇ ಪಟ್ಟೆ ತೋರಿಸಿ ನಿಜವಾದ ಪರೀಕ್ಷೆ ಶುರು ಮಾಡುವುದು. ಜಾಸ್ತಿ ಕೊಟ್ಟರೆ ಜಾಸ್ತಿ ಮಾತಾಡುತ್ತದೆ ಎಂಬುದು ಪ್ರೊಫೆಸರ್ ಸಾಹೇಬರ ಲೆಕ್ಕ. ಕೆಲವು ಹಾಗೇ ಮಾತಾಡುತ್ತಿದ್ದವು. ಕೆಲವು ರಟ್ಟು ತೆಗೆದ ಕೂಡಲೇ ಗಪ್‌ಚುಪ್. ಐದು ನಿಮಿಷ ಕಾಯುವುದು, ಸೂಜಿ ಚುಚ್ಚಿ ಕೋಶ ಸತ್ತಿತು ಎಂದುಕೊಂಡು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಸೂಜಿಯನ್ನು ಮುಂದಕ್ಕೆ ತಳ್ಳುವುದು. ಸೂಜಿ ತಾಗಿ ಕೋಶ ಸಾಯುವುದು ಸುಳ್ಳೇನಲ್ಲ, ದಿನಾ ಆಗುವುದೇ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಗೆರೆ ಎಳೆಯುತ್ತಿದ್ದವಳು ನಾನೇ. ನನಗೂ ಬರಲಿಲ್ಲ.

ಎಪ್ಪತ್ತೇಳರ ಮಾರ್ಚಿನಲ್ಲಿ ಒಂದು ದಿನ ಪ್ರೊಫೆಸರ್ ಊಟಕ್ಕೆ ಹೋಗಿದ್ದರು. ಆಗಷ್ಟೇ ಒಂದು ಕೋಶ "ಸತ್ತಿತ್ತು". ಪ್ರೊಜೆಕ್ಟರ್ ಆರಿಸದೆ ಬಿಟ್ಟಿದ್ದೆ, ಪರದೆಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು ಅಂತ ರಟ್ಟನ್ನು ವಾಪಸ್ಸು ಸಿಕ್ಕಿಸಿದೆ. ಸಿಕ್ಕಿಸಿದ್ದೇ ತಡ, ಸತ್ತದ್ದು ಟಕಟಕ ಶುರು ಮಾಡಿತು. ತೆಗೆದೆ, ಸುಮ್ಮನಾಯಿತು. ಹಾಕಿದೆ, ಟಕಟಕ. ನಲವತ್ತು ಸಲ ಹಾಕಿ ತೆಗೆದಿರಬೇಕು. ನಗು ಬರುತ್ತಿತ್ತು. ಊಟ ಮುಗಿಸಿ ಬಂದ ಪ್ರೊಫೆಸರಿಗೆ ಒಂದೇ ಉಸಿರಿಗೆ ಹೇಳಿದೆ. ಅವರು ಗೋಡೆ ಗಡಿಯಾರ ನೋಡಿ, "ಹಿಸ್ಕೆ, ನೀನು ಸೂಜಿ ನೋಡ್ಕೋ. ಮೆದುಳು ನಾನು ನೋಡ್ಕೋತೀನಿ" ಅಂದರು. ಅವತ್ತು ಮನೆಗೆ ಬಂದು ನಾನು ಆಲೂಗಡ್ಡೆಯನ್ನೆಲ್ಲ ಸಿಪ್ಪೆಯಾಗುವ ತನಕ ಹೆರೆದದ್ದು ಯಾಕೆ ಎಂದು ಈಗಲಾದರೂ ತಿಳಿಯಿತಲ್ಲ.

ಆಮೇಲಿನದು ನೀನು ನೋಡಿದ್ದೇ. ಅವರು ನಿವೃತ್ತರಾದರು. ಅವರ ಜಾಗಕ್ಕೆ ಬಂದ ಪ್ರೊಫೆಸರ್ ನೋರ್ಡಾ ನನ್ನ ಮಾತನ್ನು ಕೇಳಿ, ಕೂತು, ಎರಡನೇ ಸಲ ಕೇಳಿ, "ಹಿಸ್ಕೆ, ಸಂಜೆ ತರಗತಿಯ ಪದವಿ ಮುಗಿಸಿಕೊಳ್ಳಿ, ಇದು ನಿಮ್ಮದೇ ಡಾಕ್ಟರೇಟ್ ಪ್ರಬಂಧ" ಅಂದಳು. ನಾಲ್ಕು ವರ್ಷ ಹಗಲೂ ಸಂಜೆಯೂ ದುಡಿದು ಗೊತ್ತಾದದ್ದು ಇಷ್ಟು: ಆ ಕೋಶಗಳು ಸತ್ತಿರಲಿಲ್ಲ. ತಮ್ಮ ಕಿಟಕಿಯ ಸುತ್ತಲೂ ಅದೇ ಪಟ್ಟೆ ತುಂಬಿದ್ದರೆ ಅಕ್ಕಪಕ್ಕದವು ಅವನ್ನು ಸುಮ್ಮನಾಗಿಸುತ್ತವೆ, ಎಲ್ಲ ಕಡೆ ಒಂದೇ ಇದ್ದರೆ ಹೇಳುವುದೇನಿದೆ ಅಂತ. ಸುತ್ತಲಿನ ಪಟ್ಟೆಯನ್ನು ಬೇರೆ ಓರೆಗೆ ತಿರುಗಿಸಿ ನೋಡು, ಬಾಯಿ ಬಿಡುತ್ತವೆ. ನೀನು ಎಂಜಿನ್ ಕೋಣೆಯ ಆ ಗದ್ದಲದಲ್ಲಿ ಗೊರಕೆ ಹೊಡೆಯುತ್ತೀಯ, ಸದ್ದು ನಿಂತರೆ ದಡಕ್ಕನೆ ಎದ್ದು ಕೂರುತ್ತೀಯಲ್ಲ, ಹಾಗೆ. ಮೇಜುಬಟ್ಟೆಯಿಂದ ಸೇಬನ್ನು ಬೇರೆ ಮಾಡಿ ಕಾಣಿಸುವುದರಲ್ಲಿ ಇಂಥ ಕೋಶಗಳ ಪಾಲೂ ಇದೆ ಅನ್ನುವುದು ನನ್ನ ವಾದ.

ನಿನ್ನೆ ಅದನ್ನು ತುಂಬಿದ ಸಭೆಯಲ್ಲಿ ಸಮರ್ಥಿಸಿಕೊಳ್ಳಬೇಕಿತ್ತು. ನಲವತ್ತೈದು ನಿಮಿಷ, ಎಂಟು ಮಂದಿ ಕಪ್ಪು ನಿಲುವಂಗಿಯ ಪ್ರಶ್ನೆಗಾರರು. ಅವರಲ್ಲೊಬ್ಬರು ಆಲ್ಡರಿಂಕ್. ಇಲ್ಲಿಯವರೆಗೆ ಬಂದವರನ್ನು ಫೇಲು ಮಾಡುವುದು ಅಪರೂಪ ಅಂತ ಎಲ್ಲರೂ ಸಮಾಧಾನ ಹೇಳಿದರು. ಪದವಿ ಕೊಟ್ಟು ಮಾನ ಕಳೆಯುವುದು ಅಪರೂಪವಲ್ಲ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ನನ್ನ ಪ್ರಬಂಧದ ಅರ್ಧ ನಿಂತಿರುವುದು ಆ ಹಳೆಯ ಪುಸ್ತಕಗಳ ಮೇಲೆ. ಅವು ನಂಬಲರ್ಹವಲ್ಲ ಎಂದು ಆ ಮನುಷ್ಯ ಒಂದು ಮಾತು ಹೇಳಿದರೆ ಕೋಶಗಳೂ ಮತ್ತೆ ಸತ್ತಂತೆ, ನಾನೂ ಮತ್ತೆ ಸೂಜಿಯವಳೇ. ಮೂರು ರಾತ್ರಿ ನಿದ್ದೆ ಬರಲಿಲ್ಲ, ಡೌವೆ. ಭಯ ಅಂದರೆ ಭಯ.

ಇಂಥ ಸಭೆಯಲ್ಲಿ ಅಭ್ಯರ್ಥಿಯ ಬೆನ್ನಿಗೆ ಇಬ್ಬರು ನಿಲ್ಲುವುದು ಪದ್ಧತಿ; ನನಗೆ ಒಬ್ಬಳು ನಿನ್ಕೆ. ಇನ್ನೊಂದು ಜಾಗ ನಿನ್ನದಾಗಬೇಕಿತ್ತು, ಆದರೆ ನಿನ್ನದು ಕೆಂಪು ಸಮುದ್ರದ ಹೂಳೆತ್ತುವ ಕೆಲಸ. ಯಾರನ್ನು ಕರೆಯಲಿ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಅತ್ತೆ ಹೆಣಿಗೆ ಕೆಳಗಿಟ್ಟು, "ಮಗನ ಜಾಗದಲ್ಲಿ ನಾನು ನಿಲ್ತೀನಿ. ನೀನು ಮೂರ್ಛೆ ಹೋದ್ರೆ ಉತ್ತರ ಹೇಳೋದು ತಾನೇ ಕೆಲಸ? ಬೆಕ್ಕಿನ ವಿಷಯ ನಂಗೊತ್ತಿಲ್ವಾ, ಹನ್ನೊಂದು ಸಾಕಿದೀನಿ" ಅಂದರು. ತಮಾಷೆ ಎಂದುಕೊಂಡೆ. ನಿನ್ನೆ ಬೆಳಿಗ್ಗೆ ನೋಡಿದರೆ ನಿಮ್ಮಪ್ಪನ ಅಂತ್ಯಕ್ರಿಯೆಗೆ ಹೊಲಿಸಿದ್ದ ಕಪ್ಪು ರೇಷ್ಮೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ತಲೆಗೆ ಆ ಹಳೆ ಕಾಲದ ಚಿನ್ನದ ಪಟ್ಟಿ ಬೇರೆ. ರೈಲಿನಲ್ಲಿ ಜನ ನಮಗೆ ಎದ್ದು ಜಾಗ ಬಿಟ್ಟುಕೊಟ್ಟರು.

ಮೊದಮೊದಲು ಸುಸೂತ್ರವಾಗಿ ನಡೆಯಿತು. ಪ್ರಬಂಧದ ಜೊತೆ ಅಚ್ಚಾಗುವ ಪ್ರತಿಪಾದನೆಗಳಲ್ಲಿ ಕೊನೆಯದು ತಮಾಷೆಯದಾಗಿರಬೇಕಲ್ಲ, ನಾನು "ಪೇಪರ್ ಓದುತ್ತ ಎದುರಿಗೆ ಕೂತ ಗಂಡನಿಗಿಂತ ಸಮುದ್ರದಲ್ಲಿರುವ ಗಂಡನಿಗೆ ಹೆಂಡತಿಯ ಮಾತು ಚೆನ್ನಾಗಿ ಕೇಳಿಸುತ್ತದೆ" ಎಂದು ಬರೆದಿದ್ದೆ. ಅದಕ್ಕೆ ಪುರಾವೆ ಕೇಳಿದರು. ನಿನ್ನ ಕಾಗದಗಳೇ ಪುರಾವೆ ಅಂದೆ, ಸಭೆ ನಕ್ಕಿತು. ಮೂವತ್ತೈದು ನಿಮಿಷ ದಾಟಿತು. ಆಮೇಲೆ ಆಲ್ಡರಿಂಕ್ ಸರದಿ. ಎಪ್ಪತ್ತನಾಲ್ಕಾದರೂ ಆ ನೆಟ್ಟನೆಯ ಬೆನ್ನು ಬಾಗಿಲ್ಲ. ನಿಧಾನಕ್ಕೆ ಒಂದೊಂದಾಗಿ ಕೇಳಿದರು: ಯಾವ ಸೂಜಿ, ಎಷ್ಟು ಆಳ, ಯಾವ ಮದ್ದು. ಎಲ್ಲಕ್ಕೂ ಹೇಳಿದೆ. ಕೊನೆಗೆ ಹಳೆಯ ಪುಸ್ತಕದ ಒಂದು ಪುಟದ ಪ್ರತಿಯನ್ನು ಎತ್ತಿ ಹಿಡಿದರು.

"ಪುಸ್ತಕಗಳಲ್ಲಿ ಇಂಥ ಆರುನೂರ ಹನ್ನೆರಡು ಕೆಂಪು ಗೆರೆ ಇವೆ, ಯಾರ ಕೈಯವು?" ಅಂದರು. ನನ್ನದು ಅಂದೆ. "ಹದಿನೈದು ವರ್ಷ ಸತ್ತಿದೆ, ಸತ್ತಿದೆ ಅಂತ ಬರೆದವರು ಈಗ ಬದುಕಿತ್ತು ಅಂತೀರಿ. ಯಾವ ಹಿಸ್ಕೆಯನ್ನ ನಂಬಲಿ? ಆಗಿನವಳನ್ನೋ, ಈಗಿನವಳನ್ನೋ?"

ಮುಖ ಕಿವಿಯವರೆಗೆ ಸುಟ್ಟುಹೋಯಿತು. ಗೆರೆ ಎಳೆಯಲು ಹೇಳಿದವರು ನೀವೇ ಅಲ್ಲವೇ ಎಂದು ನಾಲಿಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು, ಸಭೆಯ ಕಲಾಪ ನೋಡಿಕೊಳ್ಳುವ ಪೆಡೆಲ್ ಬೆಳ್ಳಿಯ ದಂಡ ಹಿಡಿದು ಬಂದು, ನೆಲಕ್ಕೆ ಕುಟ್ಟಿ "ಹೋರಾ ಎಸ್ಟ್" ಎಂದು ಕೂಗಿದಳು. ಹೊತ್ತು ಮುಗಿಯಿತು. ಅಲ್ಲಿಗೆ ಅಭ್ಯರ್ಥಿ ಬಾಯಿ ಮುಚ್ಚಬಹುದು, ಯಾರೂ ಏನೂ ಅನ್ನುವಂತಿಲ್ಲ. ಎಷ್ಟೋ ಮಂದಿಯ ಮಾನ ಉಳಿಸಿದ ಕೂಗು ಅದು. ಅಧ್ಯಕ್ಷರಾಗಿ ಕೂತಿದ್ದ ವಿಶ್ವವಿದ್ಯಾಲಯದ ರೆಕ್ಟರ್ ಕೂಡ ಕರುಣೆಯಿಂದ ನನ್ನತ್ತ ನೋಡಿ, ನಿಲ್ಲಿಸಬಹುದು ಅಂದರು. ತಲೆಯಾಡಿಸಿದ್ದರೆ ಸಾಕಿತ್ತು, ಪದವಿ ಹೇಗೂ ಸಿಗುತ್ತಿತ್ತು. ಬೆನ್ನ ಹಿಂದಿನಿಂದ ನಿನ್ನ ಅಮ್ಮನ ಪಿಸುಮಾತು ಬಂತು. ಅವರ ಪಿಸುಮಾತು ಎಂಥದು ಎಂದು ನಿನಗೆ ಗೊತ್ತಲ್ಲ, ಮೂರನೇ ಸಾಲಿನವರೆಗೂ ಕೇಳಿತಂತೆ: "ಬಾಯಿ ಮುಚ್ಕೊಂಡು ಬಂದ್ರೆ ಮನೆಗೆ ಸೇರಿಸಲ್ಲ ನೋಡು."

ಉತ್ತರ ಕೊಡುತ್ತೇನೆ, ಅಪ್ಪಣೆ ಬೇಕು ಅಂದೆ. ರೆಕ್ಟರ್ ತಲೆಯಾಡಿಸಿದರು. ಪೆಡೆಲ್ ದಂಡ ಹಿಡಿದು ಹಾಗೇ ನಿಂತಳು.

"ಆ ಗೆರೆ ಎಳೆದ ಕೈ ನನ್ನದೇ ಸರ್, ಎಳೆದಿದ್ದು ತಪ್ಪೇ. ಆದರೆ ಒಂದನ್ನೂ ಅಳಿಸಿಲ್ಲ, ಒಂದು ಪುಟಾನೂ ಹರಿದಿಲ್ಲ. ಪ್ರತಿ ಗೆರೆಯ ಪಕ್ಕ ಕೋಶ ಸುಮ್ಮನಾದ ಗಂಟೆ, ನಿಮಿಷ ಇದೆ, ರಟ್ಟು ತೆಗೆದ ಹೊತ್ತೂ ಇದೆ. ಬರೆಯೋದನ್ನ ಕಲಿಸಿದ್ದು ನೀವು. ಆರುನೂರ ಹನ್ನೆರಡರಲ್ಲಿ ನಾನೂರ ಎಪ್ಪತ್ತೊಂದು ರಟ್ಟು ತೆಗೆದ ನಿಮಿಷದಲ್ಲೇ ಸತ್ತಿವೆ. ಅಷ್ಟು ಸರಿಯಾಗಿ ಹೊತ್ತು ನೋಡ್ಕೊಂಡು ಯಾರೂ ಸಾಯಲ್ಲ, ಸರ್. ನನ್ನನ್ನ ನಂಬಬೇಡಿ, ಆಗಿನವಳನ್ನೂ ಬೇಡ, ಈಗಿನವಳನ್ನೂ ಬೇಡ. ಗಡಿಯಾರ ನಂಬಿ."

ಎಲ್ಲೋ ಹಿಂದಿನ ಸಾಲಿನಲ್ಲಿ ನಮ್ಮ ಕಾರ್ಯಾಗಾರದ ಹುಡುಗರು ಚಪ್ಪಾಳೆ ಹೊಡೆದೇಬಿಟ್ಟರು. ಹೊಡೆಯಬಾರದು ಅನ್ನುವುದು ನಿಯಮ, ಆದರೂ ಸಭೆಯೆಲ್ಲ ನಗುತ್ತ ಸೇರಿಕೊಂಡಿತು. ನೋರ್ಡಾ ಟೋಪಿಯ ಮರೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಲ್ಡರಿಂಕ್ ಮಾತ್ರ ನಗಲಿಲ್ಲ. ಆ ಪುಟವನ್ನು ಮಡಿಸಿ ಜೇಬಿಗಿಟ್ಟು, "ಉತ್ತರ ಸಿಕ್ಕಿತು" ಎಂದು ಕೂತರು. ಒಳಗೆ ಹೋದ ಮಂಡಳಿ ಹತ್ತು ನಿಮಿಷಕ್ಕೆ ವಾಪಸ್ಸು ಬಂದು ಕೆಂಪು ಕೊಳವೆಯೊಳಗಿನ ಪತ್ರವನ್ನು ನನ್ನ ಕೈಗಿಟ್ಟಿತು. ನಿನ್ನ ಹೆಂಡತಿ ಇನ್ನು ಮುಂದೆ ಡಾಕ್ಟರ್ ಹೈಡೆಮಾ. ಅಡುಗೆಯವನಿಗೂ ಹೇಳು.

ಆಮೇಲಿನ ಸಂಭ್ರಮ ಬರೆದರೆ ಅಂಚೆ ಖರ್ಚು ದುಪ್ಪಟ್ಟಾಗುತ್ತದೆ. ಅತ್ತೆ ಮಾಡಿ ತಂದಿದ್ದ ಗುಲಾಬಿ ಬಣ್ಣದ ಕಿತ್ತಳೆ ಕೇಕು ಕಾಲು ಗಂಟೆಯಲ್ಲಿ ಖಾಲಿ. ರೆಕ್ಟರ್ ಬಳಿ ನಿಂತು ಅವರು ಬೆಕ್ಕಿಗೆ ಗೋಡೆ ಯಾವುದು, ಇಲಿ ಯಾವುದು ಅಂತ ಹೇಗೆ ಗೊತ್ತಾಗುತ್ತದೆ ಎಂದು ಪಾಠ ಮಾಡುತ್ತಿದ್ದರು, ಅದೂ ಪೂರ್ತಿ ಫ್ರೀಸಿಯನ್ ಭಾಷೆಯಲ್ಲಿ. ಆ ಮನುಷ್ಯ ಅರ್ಥವಾಗದಿದ್ದರೂ ಮರ್ಯಾದೆಗೆ ತಲೆಯಾಡಿಸುತ್ತಿದ್ದರು. ಕಾರ್ಯಾಗಾರದವರು ನನ್ನನ್ನು ಕುರ್ಚಿ ಸಮೇತ ಎತ್ತಿದರು. ನಾನು ಎರಡು ಲೋಟ ಬೇರನ್‌ಬರ್ಖ್ ಸಾರಾಯಿ ಕುಡಿದು ಅತ್ತುಬಿಟ್ಟೆ, ನಕ್ಕೆ, ನಿನ್ನ ಹೆಸರು ಹೇಳಿ ಮತ್ತೆ ಅತ್ತುಬಿಟ್ಟೆ. ಆಲ್ಡರಿಂಕ್ ಒಬ್ಬರು ಬರಲಿಲ್ಲ. ಕೋಟು ಹಾಕಿಕೊಂಡು ನೇರ ಹೊರಟುಹೋದರಂತೆ. ಹೋದರೆ ಹೋಗಲಿ ಎಂದು ಎಲ್ಲರೂ ಅಂದರು. ನಾನೂ ಅಂದೆ. ಆದರೂ ಕೈ ಕುಲುಕಿ ಹೋಗಿದ್ದರೆ ಚೆನ್ನಾಗಿತ್ತು, ಡೌವೆ. ಹದಿನೈದು ವರ್ಷ ಒಂದೇ ಕತ್ತಲೆ ಕೋಣೆಯಲ್ಲಿ ಕೂತವರು ನಾವು.

ನಿನ್ಕೆ ಮುತ್ತು ಕಳಿಸಿದ್ದಾಳೆ, ಜೊತೆಗೆ ನೆಗಡಿಯನ್ನೂ. ಅತ್ತೆಯ ಆಶೀರ್ವಾದ; ಉಣ್ಣೆ ಕಾಲುಚೀಲ ಹೆಣೆದಿದ್ದಾರೆ, ಜೆಡ್ಡಾಕ್ಕೆ ಉಣ್ಣೆ ಯಾಕೆ ಎಂದು ಕೇಳುವ ಧೈರ್ಯ ನನಗಿಲ್ಲ. ನೀರು ಕುಡಿ. ಮೈ ಕಾಪಾಡಿಕೊಂಡು ಬೇಗ ನನ್ನ ಮುಂದೆ ಬಂದು ನಿಲ್ಲು.

ನಿನ್ನವಳೇ ಆದ,
ಹಿಸ್ಕೆ (ಡಾಕ್ಟರ್!)

ತಾ.ಕ.: ಲಕೋಟೆ ಅಂಟಿಸಿ ಅಂಚೆಗೆ ಹೊರಟವಳು ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಬಾಗಿಲು ತೆರೆದರೆ ಆಲ್ಡರಿಂಕ್! ಪಟ್ಟಣದಿಂದ ಈ ಎದುರುಗಾಳಿಯಲ್ಲಿ ಸೈಕಲ್ ತುಳಿದುಕೊಂಡು ಬಂದಿದ್ದಾರೆ, ಹಿಂದಿನ ಚೀಲಗಳಲ್ಲಿ ಏಳು ಪುಸ್ತಕ. ನಾನು ಸೇರುವುದಕ್ಕೆ ಮೊದಲು ಅವರೇ ಸ್ವಂತ ಕೈಯಲ್ಲಿ ಬರೆದವು, ಗೆರೆಗಳೂ ಅವರವೇ. "ನಿನ್ನೆ ಎಲ್ಲರೂ ನಗ್ತಿದ್ದಾಗ ನನಗೆ ಇವುಗಳದ್ದೇ ಯೋಚನೆ. ಎಷ್ಟು ಬದುಕಿದ್ದವು, ನೋಡಿ ಹೇಳಿ" ಅಂದರು. ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇವೆ. ಮೊದಲ ಪುಟದಲ್ಲೇ ಮೂರು. ನಾನು ತಡವರಿಸಿದ್ದು ನೋಡಿ, "ಮುಚ್ಚಿಡಬೇಡಿ, ಡಾಕ್ಟರ್" ಅಂದರು. ಹೇಳಿದೆ. ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿ, ಮತ್ತೆ ಹಾಕಿಕೊಂಡು, ಪೆನ್ಸಿಲನ್ನು ನನ್ನ ಕೈಗಿಟ್ಟು, "ಮುಂದಿನ ಪುಟ" ಅಂದರು.