ಜೇನಿಗೆ ಮೊದಲು ತಿಳಿದ ಸಾವು

ಲಿಟಲ್ ಸ್ಟೋಕಮ್
11 ಸೆಪ್ಟೆಂಬರ್ 1934, ಮಂಗಳವಾರ

ಪ್ರೀತಿಯ ಮಿನ್ನಿ ಅಕ್ಕನಿಗೆ,

ಇಲ್ಲ, ಕ್ಷಮೆ ಕೇಳುವುದಿಲ್ಲ. ನಿನ್ನ ಕಾಗದವನ್ನು ಎರಡು ಸಲ ಓದಿದೆ, ಎರಡನೆಯ ಸಲ ಕನ್ನಡಕ ಹಾಕಿಕೊಂಡೇ ಓದಿದೆ. ಉತ್ತರ ಮಾತ್ರ ಅದೇ. ಸಾವಿನ ಮನೆಯಲ್ಲಿ, ಪಾದ್ರಿಗಳ ಎದುರು, ಸತ್ತವನ ತಮ್ಮನ ಮಗನನ್ನು ನಾನು ಕಳ್ಳ ಅಂದೆ ಅಂತ ನಿನಗೆ ಬರೆದವರು ಸುಳ್ಳು ಬರೆದಿದ್ದಾರೆ. ನಾನು ಅನ್ನಲಿಲ್ಲ. ಅವನ ಬಾಯಿಂದಲೇ ಹೊರಡಿಸಿದೆ.

ಏಮಸ್ ಪಿನ್ನಕ್ ಮುದುಕನನ್ನು ಹನ್ನೊಂದು ವರ್ಷ ನೋಡಿಕೊಂಡ ನೆಲ್ ಗೊತ್ತಲ್ಲ. ಹೋದ ಮಂಗಳವಾರ ಸಂಜೆ ಅವಳು ತಂಗಿಯ ಹೆರಿಗೆಗೆಂದು ಪಕ್ಕದ ಹಳ್ಳಿಗೆ ಹೋದಳು. ಬುಧವಾರ ಹನ್ನೊಂದಕ್ಕೆ ಬಂದು ನೋಡಿದರೆ ಏಮಸ್ ಕುರ್ಚಿಯಲ್ಲೇ ತಣ್ಣಗಾಗಿದ್ದ. ಹೃದಯ ನಿಂತಿದೆ ಅಂದರು ಡಾಕ್ಟರು. ಹನ್ನೆರಡರ ಬಸ್ಸಿಗೆ ಅವನ ತಮ್ಮನ ಮಗ ಸಿರಿಲ್ ಇಳಿದ. ಟೋಪಿ ತೆಗೆಯುವ ಮೊದಲೇ ಬೆಳ್ಳಿಯ ಚಹಾ ಪಾತ್ರೆ ಎಲ್ಲಿ ಅಂತ ಕೇಳಿದ. ದೊಡ್ಡಪ್ಪ ಉಯಿಲು ಇಡುತ್ತಿದ್ದದ್ದು ಅದರೊಳಗೆ. ಮನೆ ನೆಲ್‌ಗೆ ಅಂತ ಅದರಲ್ಲಿ ಬರೆದದ್ದು ಊರಿಗೆಲ್ಲ ಗೊತ್ತು. ಪಾತ್ರೆಯೂ ಇಲ್ಲ, ಉಯಿಲೂ ಇಲ್ಲ; ಉಯಿಲಿಲ್ಲದಿದ್ದರೆ ಮನೆ ಸಿರಿಲ್‌ದೇ. ನೆಲ್ ಕದ್ದಳು ಅಂತ ದೂರು ಕೊಟ್ಟ. ತನ್ನ ಮನೆಯ ಕಾಗದ ತಾನೇ ಕದಿಯೋಕೆ ಅವಳಿಗೇನು ತಲೆ ಕೆಟ್ಟಿದೆಯಾ ಅಂತ ನಾನು ಕೇಳಿದರೆ ಕಾನ್‌ಸ್ಟೇಬಲ್ ಟಬ್, ಉಯಿಲು ಇತ್ತು ಅನ್ನೋದಕ್ಕೆ ಸಾಕ್ಷಿ ಏನು ಹೆಟ್ಟಿ, ಅಂತ ಮೀಸೆ ತಿರುವಿದ.

ಉಯಿಲಿಗಲ್ಲದಿದ್ದರೂ, ನೆಲ್‌ಗಿಂತ ಮೊದಲೇ ಯಾರೋ ಬಂದು ಹೋದದ್ದಕ್ಕೆ ಸಾಕ್ಷಿ ನಾನೇ. ಬುಧವಾರ ಬೆಳಗ್ಗೆ ಏಳಕ್ಕೆ ಮೊಟ್ಟೆ ಕೊಡಲು ಆ ಕಡೆ ಹೋಗಿದ್ದೆ. ಮೂರು ಜೇನುಪೆಟ್ಟಿಗೆಗೂ ಕಪ್ಪು ಪಟ್ಟಿ ಕಟ್ಟಿತ್ತು. ಯಜಮಾನ ಸತ್ತ ಸುದ್ದಿಯನ್ನು ಮನೆಯವರೇ ಹೋಗಿ ಹೇಳಿ ಕಪ್ಪು ಪಟ್ಟಿ ಕಟ್ಟದಿದ್ದರೆ ಜೇನು ಬಿಟ್ಟು ಹೋಗುತ್ತವೆ ಅಂತ ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ಏಳು ಗಂಟೆಗೆ ಸಾವಿನ ಸುದ್ದಿ ಯಾವ ಮನೆಯವರಿಗೆ ಗೊತ್ತಿತ್ತು? ಬಾಗಿಲು ತಟ್ಟಿದೆ, ಯಾರೂ ತೆಗೆಯಲಿಲ್ಲ, ವಾಪಸು ಬಂದೆ. ಯಾಕೆ ಕೂಗಿ ಜನ ಸೇರಿಸಲಿಲ್ಲ ಅಂತ ಕೇಳಬೇಡ.

ಶನಿವಾರ ಮಣ್ಣು ಮಾಡಿ ಬಂದು ಎಲ್ಲರೂ ಚಹಾಕ್ಕೆ ಕೂತಿದ್ದೆವು. ನಾನು ಹಂದಿಮಾಂಸದ ತಟ್ಟೆ ಹಿಡಿದು ಸಿರಿಲ್ ಪಕ್ಕಕ್ಕೆ ಸರಿದೆ. ಅಲ್ಲ ಕಣೋ, ಜೇನೆಲ್ಲ ಚರ್ಚಿನ ಗೋಪುರಕ್ಕೆ ಹೊರಟಿವೆಯಲ್ಲ, ನೀನು ಹೇಳಲೇ ಇಲ್ವಾ, ನಿಮ್ಮ ವಂಶದಲ್ಲಿ ಇಂಥ ಸೋಮಾರಿ ಹುಟ್ಟಿರಲಿಲ್ಲ ಅಂದೆ. ಅವನ ಮೂಗು ಕೆಂಪಗಾಯಿತು. ಹೇಳದೆ ಇರ್ತೀನಾ ಹೆಟ್ಟಿ ಅತ್ತೆ, ಕೋಳಿ ಕೂಗೋ ಮುಂಚೆ ಹೋಗಿ ಒಂದೊಂದಕ್ಕೂ ಮೂರು ಸಲ ತಟ್ಟಿ ಹೇಳಿದೀನಿ ಅಂದ. ಯಾವತ್ತಪ್ಪಾ ಅಂದೆ. ಬುಧವಾರ, ಮತ್ಯಾವತ್ತು ಅಂದ.

ಪಾದ್ರಿಗಳೇ ಮೆಲ್ಲಗೆ, ನೀನು ಹನ್ನೆರಡರ ಬಸ್ಸಿಗೆ ಬಂದೆಯಲ್ಲವೇನಪ್ಪಾ ಅಂದರು. ದೊಡ್ಡಪ್ಪನ ಪಾತ್ರೆ ಎತ್ತಿಕೊಂಡು ಹೋದವನಿಗೆ ಜೇನಿಗೆ ಮೋಸ ಮಾಡುವ ಧೈರ್ಯ ಮಾತ್ರ ಬಂದಿಲ್ಲ ನೋಡು ಅಕ್ಕ.

ಈಗ ಅವನು, ದುಃಖದಲ್ಲಿ ಬಾಯಿ ತಪ್ಪಿತು, ಗುರುವಾರ ಅನ್ನಬೇಕಿತ್ತು ಅನ್ನುತ್ತಾನೆ. ನಾಡಿದ್ದು ಕೋರ್ಟಿನಲ್ಲಿ ನಾನು ಆ ಪಟ್ಟಿ ನೋಡಿದ್ದು ಬುಧವಾರವೇ ಅಂತ ಪ್ರಮಾಣ ಮಾಡದಿದ್ದರೆ ನೆಲ್ ಜೈಲಿಗೆ ಹೋಗುತ್ತಾಳೆ. ಮೊಟ್ಟೆಯವಳಿಗೆ ಸೇಬಿನ ತೋಟದಾಚೆಯ ಜೇನುಪೆಟ್ಟಿಗೆ ಹತ್ತಿರ ಏನು ಕೆಲಸ ಅಂತ ಅವನ ವಕೀಲ ಕೇಳುತ್ತಾನಂತೆ. ಕೇಳಲಿ. ಸುಮ್ಮನಿರು, ಜನ ಆಡಿಕೊಳ್ಳುತ್ತಾರೆ ಅಂತ ಬರೆದಿದ್ದೀಯ. ಆಡಿಕೊಳ್ಳಲಿ ಬಿಡು ಅಕ್ಕ, ಈ ವರ್ಷ ಊರಲ್ಲಿ ಬೇರೆ ಮನರಂಜನೆಯೂ ಇಲ್ಲ.

ನೆಲ್ ನನ್ನ ಮನೆಯಲ್ಲೇ ಇದ್ದಾಳೆ. ಅಡುಗೆಮನೆಯಿಂದ ಕೂಗುತ್ತಿದ್ದಾಳೆ: ಹೆಟ್ಟಿ ಅತ್ತೆ, ಪೈ ಆರ್ತಾ ಇದೆ, ಬರ್ತೀರೋ ಬೆಕ್ಕಿಗೆ ಹಾಕ್ಲೋ ಅಂತ. ಬೆಕ್ಕು ಆಗಲೇ ನನಗಿಂತ ದಪ್ಪ ಇದೆ. ಎದ್ದೆ.

ನಿನ್ನ ಮಾತು ಕೇಳದ ತಂಗಿ,
ಹೆಟ್ಟಿ

ಮರೆತಿದ್ದೆ: ಮೊಟ್ಟೆಯ ಮಾತು ಸುಳ್ಳು. ನನ್ನ ಕೋಳಿಗಳು ಮೊಟ್ಟೆ ಇಡುವುದು ನಿಲ್ಲಿಸಿ ತಿಂಗಳಾಯಿತು. ಆರು ವರ್ಷದಿಂದ ಪ್ರತಿ ಬುಧವಾರ ಏಳಕ್ಕೆ, ಆ ಪೆಟ್ಟಿಗೆಗಳ ಪಕ್ಕದ ಬೆಂಚಿನಲ್ಲಿ ಏಮಸ್ ಮತ್ತು ನಾನು ಚಹಾ ಕುಡಿಯುತ್ತಿದ್ದೆವು. ಅವನು ಹೋದದ್ದು ಜೇನಿಗೆ ಹೇಳಿದರು, ನನಗೆ ಯಾರೂ ಹೇಳಲಿಲ್ಲ. ಪಟ್ಟಿ ನೋಡಿ ತಿಳಿದುಕೊಂಡು, ಮನೆಗೆ ಬಂದು ಬಟ್ಟೆ ಒಗೆದೆ. ನಾಡಿದ್ದು ಎಲ್ಲರೆದುರು ಇದನ್ನೇ ಹೇಳುತ್ತೇನೆ. ಹಳದಿ ಹೂವಿನ ನನ್ನ ಟೋಪಿ ನಿನ್ನ ಹತ್ತಿರ ಇದೆ, ನಾಳೆಯ ಬಸ್ಸಿಗೆ ಕಳಿಸು.