ಎರಕದ ಮಹದೇವ ‘ಸಂಸ್ಥಾಪಕ’ನಾದದ್ದು

ಪಾರಂಪರಿಕ ವಸ್ತುಗಳ ಉಸ್ತುವಾರಿ ಅಧಿಕಾರಿಗಳೇ,

ನಮ್ಮ ಚರ್ಚಿನ ಸಣ್ಣ ಗಂಟೆಯನ್ನು ವಾಪಸು ಕೊಡಿ. ಅದಿಲ್ಲದೆ ಒಬ್ಬ ಮುದುಕಿಗೆ ಸಾಯಲು ಆಗುತ್ತಿಲ್ಲ. ಇದು ಅಲಂಕಾರದ ಮಾತಲ್ಲ. ಮಾನ್ಯರೇ ಎಂದು ಶುರುಮಾಡಿ, ನಮಸ್ಕರಿಸಿ, ಕೊನೆಯಲ್ಲಿ ಕೇಳುವುದು ಕ್ರಮ. ಆ ಕ್ರಮದಲ್ಲಿ ಬರೆದು ನೋಡಿಯಾಯಿತು. ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಗುಂಡ್ಲುಪೇಟೆಯಿಂದ ಹಂಗಳಕ್ಕೆ ಹೋಗುವ ದಾರಿಯ ಈ ಚರ್ಚಿಗೆ ಎರಡು ಗಂಟೆ. ದೊಡ್ಡದು ಹಡಗಿನಲ್ಲಿ ಬಂದದ್ದು. ಮೈಮೇಲೆ ಪರದೇಶದ ಕಂಪನಿಯ ಹೆಸರಿದೆ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅದು ಬಿರುಕು ಬಿಟ್ಟಿತು. ಹೊಡೆದರೆ ತಗಡು ಬಡಿದ ಸದ್ದು. ಇನ್ನೊಂದನ್ನು ತರಿಸುವ ದಾರಿ ಕಾಣದೆ, ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸರು ಮನೆಯ ಕಂಚು, ಹಿತ್ತಾಳೆಯ ಕೊಡ, ಪಾತ್ರೆಗಳನ್ನೆಲ್ಲ ತಂದು ಚರ್ಚಿನ ಅಂಗಳದಲ್ಲಿ ಸುರಿದರು. ಪೇಟೆಯ ಕಂಚುಗಾರ ಮಹದೇವ ಅಲ್ಲೇ ಕುಲುಮೆ ಹೂಡಿದ. ಅವನು ಕುಲುಮೆಗೆ ಕುಂಕುಮ ಇಟ್ಟ, ಆಗಿನ ಫಾದರ್ ತೀರ್ಥ ಚಿಮುಕಿಸಿದರು. ಯಾವುದು ಕೆಲಸ ಮಾಡಿತೋ, ಸಣ್ಣ ಗಂಟೆ ಇವತ್ತಿಗೂ ಬಿರುಕು ಬಿಟ್ಟಿಲ್ಲ.

ಈ ಚರಿತ್ರೆಯನ್ನು ತಮ್ಮ ಕಚೇರಿ ಕೇಳಿದಾಗ ಈಗಿನ ಫಾದರ್ ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಟ್ಟರು. ಮಹದೇವನನ್ನು ‘ಬೆಲ್ ಫೌಂಡರ್’ ಎಂದರು. ಗಂಟೆಯ ವಿಷಯದಲ್ಲಿ ಫೌಂಡರ್ ಎಂದರೆ ಎರಕ ಹೊಯ್ಯುವವನು. ತಾವು ಅದನ್ನು ‘ಸಂಸ್ಥಾಪಕ’ ಎಂದು ಕನ್ನಡಕ್ಕೆ ತಂದಿರಿ. ಇಂಗ್ಲಿಷ್ ಶಾಲೆಯಲ್ಲೇ ಓದಿದ ನನಗೂ ಆ ಅರ್ಥ ಗೊತ್ತಿರಲಿಲ್ಲ, ನಿಘಂಟು ತೆಗೆಯಬೇಕಾಯಿತು. ನಿಘಂಟು ತಮ್ಮ ಮೇಜಿನ ಮೇಲೂ ಇದೆ. ಅದರ ಮೇಲೆ ಫ್ಲಾಸ್ಕ್ ಇಡುತ್ತೀರಿ.

ತಪ್ಪು ಅನುವಾದದಿಂದ ಯಾರೂ ಸಾಯುವುದಿಲ್ಲ. ಈಗಿನ ತೊಂದರೆಯೂ ಅದೇ. ತಾವು ಆ ತಪ್ಪಿನ ಮೇಲೆ ಆಡಳಿತ ನಡೆಸಿದಿರಿ. ಸಂಸ್ಥಾಪಕ ಚರ್ಚಿನವನಲ್ಲ, ಹಾಗಾಗಿ ಒಡೆತನ ಸಂದಿಗ್ಧ, ಹಾಗಾಗಿ ವಾರಸುದಾರರು ಸಿಗುವತನಕ ಗಂಟೆ ಕಚೇರಿಯ ವಶಕ್ಕೆ. ದೊಡ್ಡ ಗಂಟೆಯ ಸಂಸ್ಥಾಪಕರು ಪರದೇಶದವರಲ್ಲವೇ, ಅವರ ಮಕ್ಕಳುಮರಿಯನ್ನು ಯಾಕೆ ಹುಡುಕಲಿಲ್ಲ? ಅದು ತಾವು ತಂದ ಟೆಂಪೋದಲ್ಲಿ ಹಿಡಿಸಲಿಲ್ಲವೆಂದೇ? ತಮ್ಮ ಮನೆ ಕಟ್ಟಿದ ಗಾರೆಯವನ ಮೊಮ್ಮಗ ನಾಳೆ ಬಾಗಿಲು ತಟ್ಟಿದರೆ ಬೀಗದಕೈ ಕೊಡುತ್ತೀರಾ?

ವಾರಸುದಾರರೂ ಸಿಕ್ಕರು. ಮಹದೇವನ ಮೊಮ್ಮಗ ಮಂಟೇಸ್ವಾಮಿ, ಗುಂಡ್ಲುಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವರು. ಅವರನ್ನು ಚಾಮರಾಜನಗರದ ತಮ್ಮ ಕಚೇರಿಗೆ ಕರೆಸಿದಿರಿ. ಜೊತೆಗೆ ನಾನೂ ಬಂದಿದ್ದೆ.

“ಗಂಟೆ ನಿಮ್ದೇನ್ರೀ?” ಎಂದರು ತಮ್ಮ ಗುಮಾಸ್ತರು.

“ನಮ್ತಾತ ಉಯ್ದದ್ದು ಸಾ. ನಮ್ದಲ್ಲ ಬುಡಿ.”

“ತಾತ ಮಾಡಿದ್ದು ಅಂದ್ಮೇಲೆ ನಿಮ್ದೇ ಅಲ್ವಾ?”

“ನಮ್ತಾತ ಈ ಸೀಮೆಗೆಲ್ಲ ಚೊಂಬು ಉಯ್ದವ್ನೆ. ಬೆಳಿಗ್ಗೆದ್ದು ಚೊಂಬು ತಕ್ಕಂಡು ಬಯಲ್ಗೋಗೋರ್ನೆಲ್ಲ ತಡ್ದು, ನಂದು ಕೊಡಿ ಅನ್ನಕಾದದಾ ಸಾ?”

ಕಚೇರಿಯೇ ನಕ್ಕಿತು. ತಾವೂ ನಕ್ಕಿರಿ. ನಕ್ಕು ಮುಗಿಸಿ, ‘ವಾರಸುದಾರರು ಹಕ್ಕು ನಿರಾಕರಿಸಿರುವುದರಿಂದ ಸದರಿ ಗಂಟೆಗೆ ಒಡೆಯರು ಯಾರೂ ಇಲ್ಲ’ ಎಂದು ಬರೆಸಿದಿರಿ.

ಹೊರಬರುವಾಗ ವರಾಂಡದಲ್ಲಿ ಅದನ್ನು ಕಂಡೆ. ಹಳೇ ಟೈರಿನ ಮೇಲೆ ಬಾಯಿ ಮೇಲಾಗಿ ಕೂರಿಸಿದ್ದೀರಿ. ನಾಲಗೆ ಕಿತ್ತು, ಮರಳು ತುಂಬಿ, ಪ್ಲಾಸ್ಟಿಕ್ ಹೂ ಸಿಕ್ಕಿಸಿದ್ದೀರಿ. ಹೆಂಗಸರು ಕೊಡ ಕರಗಿಸಿ ಗಂಟೆ ಮಾಡಿಸಿದ್ದರು. ತಾವು ಬೆಂಕಿಯಿಲ್ಲದೆ, ಬೆವರಿಲ್ಲದೆ, ಗಂಟೆಯನ್ನು ಮತ್ತೆ ಕೊಡ ಮಾಡಿದಿರಿ. ಈ ಲೆಕ್ಕದಲ್ಲಿ ಮಹದೇವನಿಗಿಂತ ತಾವೇ ಕುಶಲಕರ್ಮಿ.

ಇಷ್ಟು ಕಟುವಾಗಿ ಬರೆಯಬೇಕೇ ಎಂದು ನನ್ನನ್ನೇ ಕೇಳಿಕೊಂಡೆ. ನಾನು ಚರ್ಚಿನವಳೂ ಅಲ್ಲ. ಅದರ ಶಾಲೆಯಲ್ಲಿ ಓದಿದ, ಪಕ್ಕದ ಬೀದಿಯ ಲಿಂಗಾಯತರ ಮನೆಯವಳು. ‘ನಮ್ಮ ಚರ್ಚು’ ಎನ್ನಲು ನನಗೇನು ಹಕ್ಕು? ಇರಲಿಕ್ಕಿಲ್ಲ. ಆದರೆ ಸಣ್ಣಮ್ಮನಿಗೆ ಇದೆ. ಆ ಎರಕಕ್ಕೆ ಇದ್ದೊಂದು ಕೊಡವನ್ನೂ ಹಾಕಿ, ಆಮೇಲೆ ಬದುಕಿರುವತನಕ ಮಡಕೆಯಲ್ಲಿ ನೀರು ಹೊತ್ತ ಹೆಂಗಸಿನ ಮಗಳು ಅವರು. ತೊಂಬತ್ತು ದಾಟಿದೆ, ಹಾಸಿಗೆ ಹಿಡಿದಿದ್ದಾರೆ. ಅವರ ಮನೆಯಲ್ಲಿ ಯಾರೇ ಹೋದರೂ ಆ ಗಂಟೆ ಹೊಡೆದ ಮೇಲೆಯೇ ಹೆಣ ಎತ್ತುವುದು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಹಾಗೇ ಕಳಿಸಿಕೊಟ್ಟವರು.

ಮೊನ್ನೆ ನೋಡಲು ಹೋಗಿದ್ದೆ.

“ನಮ್ಮವ್ವನ ಕೊಡ ಬಂತೇನಮ್ಮಿ?”

“ಇನ್ನೂ ಇಲ್ಲ ಅಜ್ಜಿ. ಪರಿಶೀಲನೇಲಿದೆಯಂತೆ.”

“ಅಂಗಂದ್ರ?”

“ಕಾಯ್ಬೇಕಂತೆ.”

“ನಾ ಕಾಯ್ತಿನಿ ಕಣಮ್ಮಿ. ಈ ಉಸ್ರು ಕಾಯಬೇಕಲ್ಲ! ಅದ್ಕೂ ಒಂದು ಆರ್ಡ್ರು ಕೊಟ್ಟಾರಾ ಕೇಳು.”

ಕೇಳುತ್ತಿದ್ದೇನೆ. ಮರಳು ಸುರಿದು, ಕಿತ್ತ ನಾಲಗೆಯನ್ನು ಮತ್ತೆ ಕಟ್ಟಿ, ಗಂಟೆಯನ್ನು ಈ ವಾರವೇ ಕಳಿಸಿ. ಆಗದಿದ್ದರೆ, ಸಣ್ಣಮ್ಮ ಯಾವ ತಾರೀಖಿನವರೆಗೆ ಸಾಯಕೂಡದು ಎಂದು ಸಹಿ, ಮೊಹರು ಹಾಕಿ ಆದೇಶ ಹೊರಡಿಸಿ. ಅದನ್ನು ಅವರಿಗೆ ಓದಿ ಹೇಳುವ ಧೈರ್ಯ ನನಗಿಲ್ಲ. ತಾವೇ ಬಂದು, ಹಾಸಿಗೆಯ ಪಕ್ಕ ಕೂತು, ಸ್ವಲ್ಪ ಗಟ್ಟಿಯಾಗಿ ಓದಿ. ಅವರಿಗೆ ಕಿವಿ ಮಂದ.

ಇಂತಿ,
ವಿಧೇಯಳಾಗಿದ್ದು ಸಾಕಾದ
ದಾನೇಶ್ವರಿ
ಗುಂಡ್ಲುಪೇಟೆ