ಚರಗದ ಪಚಡಿ

ಬಮ್ಮಿಗಟ್ಟಿ,
ಶೀಗಿ ಹುಣ್ಣಿಮೆಯ ಮರುದಿನ, 8 ಅಕ್ಟೋಬರ್ 2025

ಪ್ರೀತಿಯ ಮಹಾನಂದಕ್ಕಾ,

ಶರಣು. ನಿನ್ನ ಮೊಣಕಾಲು ನೋವು ಹೇಗಿದೆ? ಅಣ್ಣಿಗೇರಿಯಲ್ಲಿ ನಿನ್ನ ಯಜಮಾನರು, ನಮ್ಮ ಮಾವ, ಇನ್ನೂ ಊಟದ ನಡುವೆಯೇ ಗೊರಕೆ ಹೊಡೆಯುತ್ತಾರೆಯೇ? ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಸಂದೇಶ ಕಳಿಸಿದರೆ ಎರಡು ನೀಲಿ ಗೆರೆ ಬೀಳುತ್ತವೆಯೇ ಹೊರತು ಉತ್ತರ ಬೀಳುವುದಿಲ್ಲ. ಕಾಗದವಾದರೆ ಹರಿದು ಹಾಕುವ ಮೊದಲು ಒಮ್ಮೆಯಾದರೂ ಓದುತ್ತೀ ಎಂಬ ಆಸೆ.

ನಿನ್ನೆ ಹೊಲಕ್ಕೆ ಚೆಲ್ಲುವ ಚರಗದ ಅಡುಗೆ ನಾನೇ ಮಾಡಿದೆ. ನಗಬೇಡ. ಶಾಂಭವಿ ಕೈ ಮುರಿದುಕೊಂಡು ಕಟ್ಟೆಯ ಮೇಲೆ ಕುಳಿತಿದ್ದಾಳೆ. ಮದುವೆಯಾದ ಹನ್ನೆರಡು ವರ್ಷಕ್ಕೆ ಗಂಡ ಕೆಲಸ ಮಾಡುವುದನ್ನು ಕಣ್ಣಾರೆ ಕಂಡಳು. ಮೀಸಲಡುಗೆಗೆ ಮೀಸೆ ಅಡ್ಡಿ ಬರುವುದಿಲ್ಲ ಎಂಬುದೂ ಸಿದ್ಧವಾಯಿತು. ಶೇಂಗಾ ಹೋಳಿಗೆ ಒಂದು ಕುಂದಗೋಳದ ನಕಾಶೆಯಾದರೆ ಇನ್ನೊಂದು ನವಲಗುಂದದ್ದು. ಕಡಬುಗಳು ಎಣ್ಣೆಗೆ ಬಿದ್ದದ್ದೇ ಬಾಯಿಬಿಟ್ಟು ಒಳಗಿನ ಗುಟ್ಟನ್ನೆಲ್ಲ ಹೇಳಿಬಿಟ್ಟವು. ಚೌಳಿಕಾಯಿ ಪಲ್ಯವೊಂದೇ ಮರ್ಯಾದೆ ಉಳಿಸಿತು.

ಕಷ್ಟವೆಂದರೆ ರುಚಿ ನೋಡುವಂತಿಲ್ಲ. ಭೂಮಿತಾಯಿಗೆ ಮೊದಲು, ನಮ್ಮ ಬಾಯಿಗೆ ಆಮೇಲೆ. ಚಿಕ್ಕಂದಿನಲ್ಲಿ ನಾನು ಹೂರಣಕ್ಕೆ ಕೈ ಹಾಕಿದರೆ ಅವ್ವ ಸೌಟಿನಿಂದ ಬಾರಿಸಿ “ಮೀಸಲ ಐತಿ, ಮುಟ್ಟಬ್ಯಾಡಲೇ ಹೊಟ್ಟಿಬಾಕ!” ಎನ್ನುತ್ತಿದ್ದಳು. ನೀನು ಹಿಂದಿನಿಂದ ಬಂದು ನನ್ನ ಅಂಗೈಗೆ ಬೆಲ್ಲದ ಹರಳು ತುರುಕುತ್ತಿದ್ದೆ. ಮೂಲಂಗಿ, ಸವತಿಕಾಯಿ, ಮೆಂತೆಸೊಪ್ಪು ಹೆಚ್ಚಿ ಗುರೆಳ್ಳುಪುಡಿ ಕಲಸಿದ ಪಚಡಿಗೆ ಅವ್ವ ಮನೆಯಲ್ಲಿ ಉಪ್ಪು ಹಾಕುತ್ತಲೇ ಇರಲಿಲ್ಲ. ಹೊಲ ಮುಟ್ಟುವಷ್ಟರಲ್ಲಿ ನೀರು ಬಿಡುತ್ತದೆಂದು ಉಪ್ಪನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಬರುತ್ತಿದ್ದಳು. ನಾನು ಟವೆಲ್ಲಿನ ತುದಿಗೆ ಕಟ್ಟಿಕೊಂಡೆ. ಹೊಲದಲ್ಲಿ ಗಂಟು ಬಿಚ್ಚುವಾಗ ಮೂರು ವರ್ಷದ ಹಿಂದಿನ ಚರಗ ನೆನಪಾಯಿತು.

ಅವ್ವ ತೀರಿಕೊಂಡ ವರ್ಷ ಅದು. ಅವಳ ಜಾಗದಲ್ಲಿ ನಿಂತು ಅಡುಗೆ ಮಾಡಲೆಂದೇ ನೀನು ಬಂದಿದ್ದೆ. ಪಚಡಿ ಬಾಯಿಗಿಡಲಾರದಷ್ಟು ಉಪ್ಪಾಗಿತ್ತು. ನಿನ್ನ ಜೊತೆ ಬಂದಿದ್ದ ಅತ್ತೆ, ನಾದಿನಿಯರ ಮುಂದೆ ನಾನು “ಯಕ್ಕಾ, ಭೂಮಿತಾಯಿಗೆ ಬಿಪಿ ಬರಸ್ತಿ ಏನಬೇ? ಅವ್ವನ ಕೈ ನಿನಗ ಬರಲಿಲ್ಲ ಬಿಡು” ಎಂದೆ. ಎಲ್ಲರೂ ನಕ್ಕರು. ನೀನು ಬುಟ್ಟಿ ಎತ್ತಿಕೊಂಡು “ಇನ್ನ ಈ ಮನಿ ಒಲಿ ಮುಂದ ನಾ ನಿಲ್ಲೂದಿಲ್ಲ” ಎಂದವಳು ಮೂರು ದೀಪಾವಳಿಗೂ ತವರಿಗೆ ಬರಲಿಲ್ಲ.

ಅದೇ ನೆನಪಿಗೆ ನಿನ್ನೆ ಗಂಟನ್ನು ಮತ್ತೆ ಬಿಗಿದು, ಉಪ್ಪೇ ಹಾಕದೆ ಚರಗ ಚೆಲ್ಲಿದೆ. ಊಟಕ್ಕೆ ಕುಳಿತವರು ಆ ಸಪ್ಪೆ ಪಚಡಿಯನ್ನು ಪಲ್ಯದ ಜೊತೆ ಕಲಸಿಕೊಂಡು ತಿಂದರು. ಬಾಜು ಹೊಲದ ದಾವೂದಸಾಬ ಕಾಕಾ ಮಾತ್ರ “ಹೇಮಂತಾ, ಅಗದಿ ಚಲೋ ಆಗೇತಿ ತಗೋ” ಎಂದು ಎರಡನೇ ಸಲ ಹಾಕಿಸಿಕೊಂಡರು. ಆ ದಿನ ನಾನು ನಿನಗೆ ಹೇಳಬೇಕಿದ್ದುದೂ ಅಷ್ಟೇ ಆಗಿತ್ತು.

ಮಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು.

ನಿನ್ನ ಹೊಟ್ಟಿಬಾಕ ತಮ್ಮ,
ಹೇಮಂತ

ತಾ.ಕ.: ಈ ಕಾಗದ ಅಂಚೆಗೆ ಹಾಕಲು ಹೋಗಬೇಕಾದ ಕಲಘಟಗಿ ಬಸ್ಸು ಬಂತು, ನಿಂತುಕೊಂಡೇ ಬರೆಯುತ್ತಿದ್ದೇನೆ. ಅಕ್ಕಾ, ಆ ದಿನ ನೀನು ಉಪ್ಪು ಸರಿಯಾಗಿಯೇ ಹಾಕಿದ್ದೆ. ನೀನು ಬಾಳೆಎಲೆ ತರಲು ಹೋದಾಗ, ಮರೆತಿದ್ದೀ ಎಂದುಕೊಂಡು ನಾನೊಂದು ಮುಷ್ಟಿ ಹಾಕಿದೆ. ಬಾಯಿಗಿಟ್ಟಾಗ ತಪ್ಪು ನನ್ನದೆಂದು ಗೊತ್ತಾಗಿಯೂ ನಿನ್ನನ್ನು ನಗೆಪಾಟಲು ಮಾಡಿದೆ. ಈ ದೀಪಾವಳಿಗೆ ಬಾ, ನಿನ್ನ ಅತ್ತೆ, ನಾದಿನಿಯರನ್ನೂ ಕರೆದುಕೊಂಡು ಬಾ. ಅವರೆಲ್ಲರ ಮುಂದೆಯೇ ಹೇಳುತ್ತೇನೆ.